ತಂದೆಯವರ ಡಿಸ್ಕುಗಳನ್ನು ಗುಜರಿಗೆ ಹಾಕುವ ಮುನ್ನ

ತಂದೆಯವರು ಕೂಡಿಟ್ಟ ಇನ್ನೂರು ಚಿಲ್ಲರೆ ಡಿಸ್ಕುಗಳನ್ನು ಗುಜರಿಗೆ ಹಾಕಿ ಒಟಿಟಿಯೊಂದನ್ನೇ ನಂಬಬಹುದೇ ಎಂದು ಈ ಗುಂಪಿನಲ್ಲಿ ಕೇಳಿದ್ದೀರಿ. ಸಾಗರದಲ್ಲಿ ಹತ್ತು ವರ್ಷ ಸಿಡಿ ಬಾಡಿಗೆ ಅಂಗಡಿ ಇಟ್ಟಿದ್ದವನು ನಾನು, ಹಾಗಾಗಿ ಉತ್ತರ ಸ್ವಲ್ಪ ಉದ್ದವಾದೀತು.

ಬಾಡಿಗೆ ಡಿಸ್ಕಿನ ಕಾಲ ಮುಗಿಯಿತೆಂದು ನನಗೇನೂ ದುಃಖವಿಲ್ಲ. ರಾತ್ರಿಗೆ ಹತ್ತು ರೂಪಾಯಿ. ಶನಿವಾರ ಒಯ್ದವರು ಬುಧವಾರ ತರುತ್ತಿದ್ದರು, ತಂದಾಗ ಡಿಸ್ಕಿನ ಮೇಲೆ ಚಿತ್ರಾನ್ನದ ಎಣ್ಣೆ. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿಯ ವಿಸಿಡಿ (ಸಿಡಿಯಲ್ಲಿ ಸಿನಿಮಾ ತುಂಬಿದ್ದು) 28 ರೂಪಾಯಿಗೆ, ಡಿವಿಡಿ 34 ರೂಪಾಯಿಗೆ ಸಿಗತೊಡಗಿದ ಮೇಲೆ ಬಾಡಿಗೆಗೆ ಯಾರು ಬಂದಾರು? ಅಂಚೆಯಲ್ಲಿ ಡಿವಿಡಿ ಕಳಿಸಿಯೇ ಬೆಳೆದ ನೆಟ್‌ಫ್ಲಿಕ್ಸ್ ಕೂಡ ಅಮೆರಿಕದಲ್ಲಿ 2023ರ ಸೆಪ್ಟೆಂಬರ್ 29ರಂದು ಕೊನೆಯ ಡಿಸ್ಕುಗಳನ್ನು ಕಳಿಸಿ ಆ ಕೆಲಸ ನಿಲ್ಲಿಸಿತು. ಹೊಸ ಸಿನಿಮಾಗಳಿಗೆ ಒಟಿಟಿಯೇ ಸರಿ. ಅಲ್ಲಿಯೂ ಒಂದೊಂದೇ ಸಿನಿಮಾ ಬಾಡಿಗೆಗೆ ಸಿಗುತ್ತದೆ. ನೋಡಲು ತೊಡಗಿದ ಮೇಲೆ ಸಾಮಾನ್ಯವಾಗಿ 48 ಗಂಟೆಗಳ ಗಡುವು. ನನ್ನ ಅಂಗಡಿಯಲ್ಲಿದ್ದ ದಾಕ್ಷಿಣ್ಯ ಅಲ್ಲಿಲ್ಲ.

ಇನ್ನು ಡೇಟಾ ಲೆಕ್ಕ. ಫುಲ್ ಎಚ್‌ಡಿ ಚಿತ್ರ 5 ಎಂಬಿಪಿಎಸ್ (ಸೆಕೆಂಡಿಗೆ 5 ಮೆಗಾಬಿಟ್) ವೇಗದಲ್ಲಿ ಬಂದರೆ ಗಂಟೆಗೆ ಸುಮಾರು 2.25 ಜಿಬಿ ಬೇಕು. ದಿನಕ್ಕೆ ಎರಡು ಜಿಬಿಯ ಮೊಬೈಲ್ ಪ್ಯಾಕ್ ಇಂಟರ್‌ವಲ್‌ಗೆ ಮೊದಲೇ ಮುಗಿಯುತ್ತದೆ. ಫೈಬರ್ ಬಂದಿದ್ದರೆ ಆ ಚಿಂತೆಯಿಲ್ಲ, ಆದರೆ ನಮ್ಮ ಕಡೆ ಆಷಾಢದ ಗಾಳಿಗೆ ಮರ ಬಿದ್ದು ತಂತಿ ಹರಿದರೆ ವಾರಗಟ್ಟಲೆ ಕಾಯಬೇಕು. ಆಗ ಇನ್ವರ್ಟರ್ ಮತ್ತು ಡಿವಿಡಿ ಪ್ಲೇಯರ್ ಕೈಹಿಡಿಯುತ್ತವೆ.

ನಿಮ್ಮ ರಾಶಿಯಲ್ಲಿ ಮೊದಲು ಕೈಹಾಕಬೇಕಾದದ್ದು ಸಿನಿಮಾಗಳಿಗಲ್ಲ. ಮದುವೆ, ಗೃಹಪ್ರವೇಶ ಎಂದು ಸ್ಕೆಚ್ ಪೆನ್ನಿನಲ್ಲಿ ಬರೆದ ಡಿಸ್ಕುಗಳಿದ್ದರೆ ಅವನ್ನು ಇವತ್ತೇ ಬೇರೆ ಇಡಿ. ಕಂಪನಿಯ ಡಿಸ್ಕಿನಲ್ಲಿ ಮಾಹಿತಿಯನ್ನು ಅಚ್ಚೊತ್ತಿರುತ್ತಾರೆ. ಸ್ಟುಡಿಯೊದವರು ರೈಟ್ ಮಾಡಿಕೊಟ್ಟದ್ದರಲ್ಲಿ ಅದು ಒಂದು ಬಣ್ಣದ ಪದರದ ಮೇಲಿರುತ್ತದೆ. ಬಿಸಿಲು, ಸೆಖೆಗೆ ಆ ಬಣ್ಣ ಕೆಡುತ್ತದೆ. ನಮ್ಮ ಅಕ್ಕನ ಮದುವೆಯ ಡಿಸ್ಕ್ ಧಾರೆಯವರೆಗೆ ಓಡಿ ಅಲ್ಲೇ ನಿಲ್ಲುತ್ತದೆ, ಊಟದ ಪಂಕ್ತಿ ಯಾರಿಗೂ ಕಾಣದೆ ಹೋಯಿತು. ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ಡ್ರೈವ್ ತಂದು, ಡಿಸ್ಕಿನಲ್ಲಿರುವ ಫೋಲ್ಡರ್‌ಗಳನ್ನು ಇಡಿಯಾಗಿ ಎರಡು ಕಡೆ ನಕಲು ಮಾಡಿಡಿ. ಕಂಪ್ಯೂಟರಿನಲ್ಲಿ ವಿಡಿಯೊ ನೋಡುವ ವಿಎಲ್‌ಸಿ ಪ್ಲೇಯರ್‌ನಲ್ಲಿ ಅವು ಓಡುತ್ತವೆ.

ಉಳಿದವುಗಳಲ್ಲಿ ಡಿವಿಡಿಗಳನ್ನು ಇಟ್ಟುಕೊಳ್ಳಿ. ವಿಸಿಡಿಯ ಚಿತ್ರ ಬರೀ 352×288 ಚುಕ್ಕೆಗಳದ್ದು, ಈಗಿನ ದೊಡ್ಡ ಟಿವಿಯಲ್ಲಿ ನಾಯಕಿಯ ಮುಖಕ್ಕೆ ಹಿಟ್ಟು ಮೆತ್ತಿದಂತೆ ಕಾಣುತ್ತದೆ. ಬೇರೆಲ್ಲೂ ಸಿಗದ ಚಿತ್ರವಾದರೆ ಮಾತ್ರ ಉಳಿಸಿ. ಒಟಿಟಿಯಲ್ಲಿ ಈಗ ಇದೆ ಎಂದು ಡಿವಿಡಿ ಎಸೆಯಬೇಡಿ. ಹಕ್ಕಿನ ಅವಧಿ ಮುಗಿದರೆ ಚಿತ್ರ ಹೇಳದೆ ಕೇಳದೆ ಪಟ್ಟಿಯಿಂದ ಹೋಗುತ್ತದೆ.

ಪರೀಕ್ಷೆಗೆ ಡಿಸ್ಕನ್ನು ಟ್ಯೂಬ್‌ಲೈಟಿಗೆ ಅಡ್ಡ ಹಿಡಿಯಿರಿ. ವಿಸಿಡಿಯಲ್ಲಿ ಸೂಜಿಮೊನೆಯಂಥ ಬೆಳಕಿನ ತೂತು ಕಂಡರೆ ಅಲ್ಲಿ ಪದರವೇ ಎದ್ದಿದೆ, ದುರಸ್ತಿಯಿಲ್ಲ. ಸಿಡಿ ಜಾತಿಯದರಲ್ಲಿ ಮಾಹಿತಿ ಇರುವುದು ಚಿತ್ರ ಅಚ್ಚಾದ ಬದಿಯ ವಾರ್ನಿಷ್‌ನ ಕೆಳಗೇ, ಹಾಗಾಗಿ ಆ ಬದಿಯ ಗೀರೇ ಹೆಚ್ಚು ಅಪಾಯ. ಡಿವಿಡಿಯಲ್ಲಿ ಎರಡು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಇರುತ್ತದೆ. ಬರೀ ಧೂಳು, ಜಿಡ್ಡಾದರೆ ಹಳೆಯ ಪಂಚೆಯ ತುಂಡಿನಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತು ತಿರುಗಿಸಿ ಉಜ್ಜಬೇಡಿ. ಗೀರಿಗೆ ಟೂತ್‌ಪೇಸ್ಟ್ ಹಚ್ಚಿ ಎಂದು ಇಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ನಾನು ಹಚ್ಚಿ ಹಾಳುಮಾಡಿಕೊಂಡವನು.

ಪಟ್ಟಿ ಮಾಡಿ ಗುಂಪಿಗೆ ಹಾಕಿ. ಎಪ್ಪತ್ತು, ಎಂಬತ್ತರ ದಶಕದ ಕನ್ನಡ ಚಿತ್ರಗಳ ಡಿವಿಡಿ ನಿಮಗೆ ಬೇಡವಾದರೆ ಅಂಚೆ ಖರ್ಚು ನನ್ನದು.