ವಿದ್ಯುತ್ ಉತ್ಪಾದಿಸುವ ಕಂಪನಿ ಜೆಎಸ್‌ಡಬ್ಲ್ಯು ಎನರ್ಜಿ ಇಷ್ಟು ದೊಡ್ಡದಾಗಿದ್ದು ಹೇಗೆ? ಅದರ ಸ್ಥಾವರಗಳು ಎಲ್ಲೆಲ್ಲಿವೆ?

ಶುರುವಾಗಿದ್ದು ನಮ್ಮ ಬಳ್ಳಾರಿ ಕಡೆಯ ತೋರಣಗಲ್ಲಿನಲ್ಲೇ. 2000ದಲ್ಲಿ ಅಲ್ಲಿ 130 ಮೆಗಾವ್ಯಾಟ್‌ನ ಎರಡು ಘಟಕಗಳು ಚಾಲೂ ಆದವು. ನನಗೆ ತುಂಬಾ ಇಷ್ಟವಾಗುವುದು ಅದರ ಇಂಧನದ ಲೆಕ್ಕಾಚಾರ. ಪಕ್ಕದ ಉಕ್ಕಿನ ಕಾರ್ಖಾನೆಯಲ್ಲಿ ಅದಿರು ಕರಗಿಸುವಾಗ ಕೋರೆಕ್ಸ್ ಎಂಬ ಉರಿಯುವ ಅನಿಲ ಹೊರಬರುತ್ತದೆ. ಅದನ್ನು ಸುಮ್ನೆ ಹಾಳು ಮಾಡದೆ ಕೊಳವೆಯಲ್ಲಿ ತಂದು, ಕಲ್ಲಿದ್ದಲಿನ ಜೊತೆ ಬಾಯ್ಲರ್‌ನಲ್ಲಿ ಉರಿಸಿ ಕರೆಂಟ್ ಮಾಡಿದರು. ಮುಂದೆ 300ರ ಇನ್ನೆರಡು ಘಟಕ ಸೇರಿ ಒಟ್ಟು 860 ಮೆಗಾವ್ಯಾಟ್ ಆಯಿತು.

ಆಮೇಲೆ ಮಹಾರಾಷ್ಟ್ರದ ರತ್ನಗಿರಿಯಲ್ಲಿ 1,200, ರಾಜಸ್ಥಾನದ ಬಾಡ್ಮೇರ್‌ನಲ್ಲಿ 1,080 ಮೆಗಾವ್ಯಾಟ್‌ನ ಸ್ಥಾವರಗಳು ಬಂದವು. ಬಾಡ್ಮೇರ್‌ನದ್ದು ಅಲ್ಲೇ ಅಗೆಯುವ ಲಿಗ್ನೈಟ್ ಎಂಬ ಕಂದು ಕಲ್ಲಿದ್ದಲಿನಿಂದ ನಡೆಯುತ್ತದೆ.

ನನ್ನ ಪ್ರಕಾರ ದೊಡ್ಡ ತಿರುವು 2015. ಹಿಮಾಚಲದ ಕಿನ್ನೌರ್‌ನಲ್ಲಿ ಕರ್ಚಮ್ ವಾಂಗ್ಟೂ (1,000 ಮೆಗಾವ್ಯಾಟ್), ಬಾಸ್ಪಾ (300 ಮೆಗಾವ್ಯಾಟ್) ಎಂಬ ಎರಡು ಜಲವಿದ್ಯುತ್ ಸ್ಥಾವರಗಳನ್ನು ಜೇಪೀ ಸಮೂಹದಿಂದ ಕೊಂಡಿತು. ಬೆಟ್ಟದಲ್ಲಿ ಸುರಂಗ ಕೊರೆದು ಹೊಸದಾಗಿ ಕಟ್ಟಲು ವರ್ಷಗಟ್ಟಲೆ ಬೇಕು. ಓಡುತ್ತಿರುವುದನ್ನೇ ಕೊಂಡರೆ ಮರುದಿನದಿಂದಲೇ ಆದಾಯ, ಅಲ್ವಾ? 2023ರಲ್ಲಿ ಮೈತ್ರಾ ಎಂಬ ಕಂಪನಿಯ ಸುಮಾರು 1,750 ಮೆಗಾವ್ಯಾಟ್ ಗಾಳಿ, ಸೌರ ಸ್ಥಾವರಗಳೂ ಹೀಗೇ ಸೇರಿದವು.

ಹಾಗಂತ ಕಲ್ಲಿದ್ದಲು ಬಿಟ್ಟಿಲ್ಲ. 2025ರಲ್ಲಿ ಛತ್ತೀಸ್‌ಗಢದ ಕೆಎಸ್‌ಕೆ ಮಹಾನದಿ ಸ್ಥಾವರವನ್ನೂ ಕೊಂಡಿತು. ಅಲ್ಲಿ 1,800 ಮೆಗಾವ್ಯಾಟ್ ಓಡುತ್ತಿದೆ, ಅಷ್ಟೇ ಸಾಮರ್ಥ್ಯದ ಇನ್ನಷ್ಟು ಘಟಕಗಳ ನಿರ್ಮಾಣ ಅರ್ಧಕ್ಕೆ ನಿಂತಿತ್ತು.