ಮಲಗಿದವರ ಕಣ್ಣಿಗೆ ಕಾಣುವ ಗೋಡೆ

ಪ್ರಶ್ನೆ: ನಮ್ಮ ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯೆ. ಆಸ್ಪತ್ರೆಗೆ ಹೊಸದಾಗಿ ಸುಣ್ಣಬಣ್ಣ ಮಾಡಿಸುವ ಈ ಸಂದರ್ಭದಲ್ಲಿ ದಾನಿಯೊಬ್ಬರು ಮುಂಬಾಗಿಲ ಗೋಡೆಗೆ ದೊಡ್ಡ ಚಿತ್ರವೊಂದನ್ನು ಬರೆಸಿಕೊಡಲು ಮುಂದೆ ಬಂದಿದ್ದಾರೆ. ನಮ್ಮ ಕಡೆ ಮದುವೆಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರವನ್ನೇ ಬರೆಸಬೇಕೆಂಬುದು ನನ್ನ ಆಸೆ. ಇದರಿಂದ ರೋಗಿಗಳಿಗೆ ನಿಜವಾಗಿಯೂ ಪ್ರಯೋಜನವಿದೆಯೇ?
– ಓದುಗರೊಬ್ಬರು, ಸಾಗರ

ಉತ್ತರ: ಪ್ರಯೋಜನವಿದೆ, ಆದರೆ ಆ ಚಿತ್ರ ಯಾರ ಕಣ್ಣಿಗೆ ಬೀಳುತ್ತದೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಾನು ನನ್ನ ತಂದೆಯವರ ಜೊತೆ ಒಂದು ಆಸ್ಪತ್ರೆಯ ವಾರ್ಡಿನಲ್ಲಿ ಹನ್ನೊಂದು ದಿನ ಕಳೆದೆ. ಅಲ್ಲಿಯೂ ಮುಂಬಾಗಿಲಲ್ಲಿ ಸೊಗಸಾದ ಜಲಪಾತದ ಚಿತ್ರವಿತ್ತು. ಸ್ಟ್ರೆಚರಿನ ಮೇಲೆ ಒಳಗೆ ಬಂದ ಅವರು ಅದನ್ನು ನೋಡಲೇ ಇಲ್ಲ. ಅವರ ಪಾಲಿಗೆ ಸಿಕ್ಕಿದ್ದು ದೂಳು ಮೆತ್ತಿದ ಫ್ಯಾನು ಮತ್ತು ಅದರ ಪಕ್ಕದಲ್ಲಿ ಮಳೆನೀರು ಸೋರಿ ತಾರಸಿಯ ಒಳಮೈಯಲ್ಲಿ ಮೂಡಿದ್ದ ಒಂದು ಕಲೆ. ಮೂರನೆಯ ದಿನ, “ಅಲ್ನೋಡು, ಎಮ್ಮೆ ಮಲಗಿದ ಹಾಗಿದೆ” ಎಂದರು. ಐದನೆಯ ದಿನ ಅದರ ಕೊಂಬನ್ನೂ ತೋರಿಸಿದರು. ಗೋಡೆಗೆ ಹತ್ತಿದ ಕೊಳೆಯನ್ನೂ ಚಿತ್ರಕಾರನ ವಿದ್ಯೆಯನ್ನೂ ನಾವು ಕಲೆ ಎಂಬ ಒಂದೇ ಮಾತಿನಿಂದ ಕರೆಯುತ್ತೇವೆ. ಎರಡನೆಯದು ಸಿಗದ ಅವರು ಮೊದಲನೆಯದರಲ್ಲೇ ಅದನ್ನು ಹುಡುಕಿಕೊಂಡಿದ್ದರು.

ಲಂಡನ್ನಿನ ಸೇಂಟ್ ಬಾರ್ಥೊಲೊಮ್ಯೂ ಆಸ್ಪತ್ರೆಗೆ ವಿಲಿಯಂ ಹೋಗಾರ್ತ್ 1730ರ ದಶಕದಲ್ಲಿ ಹಣ ಪಡೆಯದೆ ಎರಡು ಭಾರೀ ಚಿತ್ರಗಳನ್ನು ಬರೆದುಕೊಟ್ಟ. ಅವು ಇಂದಿಗೂ ಇವೆ, ಆದರೆ ಇರುವುದು ಆಡಳಿತ ಮಂಡಳಿಯ ಸಭಾಂಗಣಕ್ಕೆ ಹತ್ತುವ ಮೆಟ್ಟಿಲುಗಳ ಗೋಡೆಯಲ್ಲಿ. ಅದಕ್ಕೂ ಇನ್ನೂರು ವರ್ಷ ಮೊದಲು, 1512ರಿಂದ 1516ರ ನಡುವೆ, ಇಂದಿನ ಫ್ರಾನ್ಸಿನಲ್ಲಿರುವ ಇಸೆನ್‌ಹೈಮಿನ ಮಠಕ್ಕೆ ಮಥಿಯಾಸ್ ಗ್ರೂನೆವಾಲ್ಡ್ ಬರೆದ ಶಿಲುಬೆಯ ಚಿತ್ರದ ಕತೆ ಬೇರೆ. ಬೂಷ್ಟು ಹಿಡಿದ ರೈ ಧಾನ್ಯವನ್ನು ತಿಂದು ಮೈಯೆಲ್ಲ ಉರಿದು, ಕೈಕಾಲು ಕೊಳೆತು ಬಂದವರನ್ನು ಆ ಮಠದವರು ಆರೈಕೆ ಮಾಡುತ್ತಿದ್ದರು; ಚಿತ್ರದ ಕ್ರಿಸ್ತನ ಮೈಯೂ ಗಾಯಗಳಿಂದ ತುಂಬಿದೆ. ನನಗೆ ಈ ಎರಡನೆಯದೇ ನಿಜವಾದ ಆಸ್ಪತ್ರೆಯ ಚಿತ್ರ.

ಫಿನ್ಲೆಂಡಿನ ಪೈಮಿಯೊದಲ್ಲಿ 1933ರಲ್ಲಿ ಮುಗಿದ ಕ್ಷಯರೋಗದ ಆಸ್ಪತ್ರೆಯನ್ನು ಕಟ್ಟಿದ ವಾಸ್ತುಶಿಲ್ಪಿ ಅಲ್ವಾರ್ ಆಲ್ಟೊ, ರೋಗಿಯು ದಿನವಿಡೀ ಅಂಗಾತ ಮಲಗಿರುತ್ತಾನೆ ಎಂಬುದರಿಂದಲೇ ತನ್ನ ಲೆಕ್ಕವನ್ನು ಆರಂಭಿಸಿದ. ಕಣ್ಣು ಕೋರೈಸದಂತೆ ಛಾವಣಿಗೆ ಮಂದವಾದ ಹಸಿರು ಬಳಿಸಿದ. ದೀಪವನ್ನು ರೋಗಿಯ ನೋಟಕ್ಕೆ ನೇರವಾಗಿ ಬೀಳದ ಕಡೆ ಇಟ್ಟ. ಪಕ್ಕದ ಹಾಸಿಗೆಯವರ ನಿದ್ದೆ ಕೆಡದಿರಲೆಂದು, ನೀರು ಸದ್ದಿಲ್ಲದೆ ಜಾರುವಂತೆ ಕೈತೊಳೆಯುವ ಬೇಸಿನ್ನಿನ ಓರೆಯನ್ನೂ ತಾನೇ ಗೊತ್ತುಮಾಡಿದ.

ನೀವು ಕೇಳಿದ ಪ್ರಯೋಜನದ ಬಗ್ಗೆ ಹೆಚ್ಚು ಉಲ್ಲೇಖವಾಗುವುದು ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ಮಂದಿಯಲ್ಲಿ ಅರ್ಧದಷ್ಟು ಜನರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಉಳಿದವರಿಗೆ ಇಟ್ಟಿಗೆಯ ಗೋಡೆ. ಮರಗಳನ್ನು ಕಂಡವರು ಸರಾಸರಿ ಮುಕ್ಕಾಲು ದಿನದಷ್ಟು ಮೊದಲೇ ಮನೆಗೆ ಹೋದರು, ತೀವ್ರವಾದ ನೋವುನಿವಾರಕಗಳೂ ಅವರಿಗೆ ಕಡಿಮೆ ಸಾಕಾದವು. ಇದು ಸಣ್ಣ ಅಧ್ಯಯನ, ಅದೂ ಕಿಟಕಿಯನ್ನು ಕುರಿತದ್ದೇ ಹೊರತು ಚಿತ್ರವನ್ನಲ್ಲ, ಎಂಬುದನ್ನು ಸಮಿತಿಯ ಮುಂದೆ ಮುಚ್ಚಿಡಬೇಡಿ. ಯಾವ ಹಾಸಿಗೆಯಿಂದ ಮರ ಕಾಣುತ್ತದೆಯೋ ಅಲ್ಲಿನ ಕಿಟಕಿಯನ್ನು ಮೊದಲು ತೆರೆಸಿ. ಯಾವುದರಿಂದ ಏನೂ ಕಾಣುವುದಿಲ್ಲವೋ ಅದರ ಎದುರಿನ ಗೋಡೆಗೆ ಚಿತ್ರ ಬರೆಸಿ.

ಇನ್ನು ಚಿತ್ತಾರದ ಮಾತು. ನಿಮ್ಮ ಆಸೆ ನನಗೂ ಬಹಳ ಹಿಡಿಸಿತು, ಏಕೆಂದರೆ ಸಾಗರದ ಆಸುಪಾಸಿನ ಹಳ್ಳಿಗಳಿಂದ ಹೆರಿಗೆಗೆ ಬರುವ ಎಷ್ಟೋ ಹೆಣ್ಣುಮಕ್ಕಳಿಗೆ ಅದು ಮದುವೆಮನೆಯ ಹಸೆಗೋಡೆಯ ನೆನಪು. ಆದರೆ ಅಕ್ಕಿಹಿಟ್ಟಿನ ಬಿಳಿ, ಕೆಮ್ಮಣ್ಣು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆಕಾಯಿಯ ಹಳದಿ ಇವು ಯಾವುವೂ ಬ್ಲೀಚಿಂಗ್ ನೀರಿನ ಒರೆಸುಬಟ್ಟೆಯನ್ನು ತಾಳುವುದಿಲ್ಲ. ವಾರ್ಡಿನ ಗೋಡೆಯನ್ನು ಒರೆಸದೆ ಬಿಡುವಂತೆಯೂ ಇಲ್ಲ. ಆದ್ದರಿಂದ ಈ ಚಿತ್ತಾರ ಬರೆಯುವ ದೀವರ ಸಮುದಾಯದ ಚಿತ್ತಾರಗಿತ್ತಿಯರನ್ನೇ, ಸರಿಯಾದ ಸಂಭಾವನೆ ಕೊಟ್ಟು, ಕರೆಸಿ. ಪುಂಡಿನಾರಿನ ಕುಂಚವನ್ನೇ ಹಿಡಿಯಲಿ, ಬಣ್ಣ ಮಾತ್ರ ತೊಳೆಯಬಹುದಾದ ಎಮಲ್ಷನ್ ಆಗಿರಲಿ. ಉಬ್ಬುಚಿತ್ರ, ಬಟ್ಟೆಯ ತೋರಣ, ಗಾಜಿನ ಚೌಕಟ್ಟು ಬೇಡ. ಒಂದೊಂದು ವಾರ್ಡಿನ ಬಾಗಿಲಿಗೆ ಒಂದೊಂದು ಗುರುತನ್ನು ಬರೆಸಿದರೆ, ಫಲಕ ಓದಲು ಬಾರದ ಅಜ್ಜಿಯೂ ತೇರಿನ ಬಾಗಿಲು, ನವಿಲಿನ ಬಾಗಿಲು ಎಂದು ದಾರಿ ಹಿಡಿಯುತ್ತಾಳೆ. ದಾನಿಗಳಿಗೆ ಒಂದು ವಿನಂತಿ ಮಾಡಿ: ಹೆಸರಿನ ಕಲ್ಲು ಮುಂಬಾಗಿಲಲ್ಲೇ ಇರಲಿ, ಚಿತ್ರ ಒಳಗೆ ಹೋಗಲಿ.

ಪ್ರಶ್ನೆ: ಮಾತ್ರೆಗಳೇ ಹೊರಗಿನ ಅಂಗಡಿಯಿಂದ ಬರಬೇಕಾದ ಆಸ್ಪತ್ರೆಗಳಲ್ಲಿ ಚಿತ್ರಕ್ಕೆ ಹಣ ಸುರಿಯುವುದು ಸರಿಯೇ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಮಾತ್ರೆಯ ಹಣವನ್ನು ಚಿತ್ರಕ್ಕೆ ಹಾಕುವುದು ಖಂಡಿತ ತಪ್ಪು. ಆದರೆ ಗೋಡೆಗೆ ಹೇಗೂ ಬಣ್ಣ ಬಳಿಯುತ್ತಾರೆ. ಆ ಬಣ್ಣ ಯಾವುದು, ಎಲ್ಲಿ ಎಂದು ಯೋಚಿಸುವುದಕ್ಕೆ ಬೇರೆ ಖರ್ಚಿಲ್ಲ.

ಪ್ರಶ್ನೆ: ನಾನು ನಿವೃತ್ತ ಡ್ರಾಯಿಂಗ್ ಮಾಸ್ತರ. ಮಕ್ಕಳ ವಾರ್ಡಿನಲ್ಲಿ ವಾರಕ್ಕೊಮ್ಮೆ ಚಿತ್ರ ಬಿಡಿಸಲು ಕಲಿಸಬೇಕೆಂದಿದ್ದೇನೆ. ಇದನ್ನು ಕಲಾಚಿಕಿತ್ಸೆ ಎನ್ನಬಹುದೇ?
– ಓದುಗರೊಬ್ಬರು, ಧಾರವಾಡ

ಉತ್ತರ: ದಯವಿಟ್ಟು ಹೋಗಿ, ಆದರೆ ಚಿಕಿತ್ಸೆ ಎಂಬ ಹೆಸರು ಬೇಡ. ಆ ಮಾತನ್ನು 1942ರಲ್ಲಿ ಬಳಕೆಗೆ ತಂದ ಇಂಗ್ಲೆಂಡಿನ ಏಡ್ರಿಯನ್ ಹಿಲ್ ಸ್ವತಃ ಚಿತ್ರಕಾರರು; ಕ್ಷಯದಿಂದ ಹಾಸಿಗೆ ಹಿಡಿದಾಗ ಚಿತ್ರ ಬರೆಯುತ್ತ ಚೇತರಿಸಿಕೊಂಡು, ಆಮೇಲೆ ಇತರ ರೋಗಿಗಳ ಕೈಗೂ ಪೆನ್ಸಿಲ್ ಕೊಟ್ಟವರು. ಇಂದು ಅದು ಪ್ರತ್ಯೇಕ ತರಬೇತಿ ಬೇಡುವ ವೃತ್ತಿ. ನೀವು ಮಾಸ್ತರರಾಗಿಯೇ ಹೋಗಿ. ಮೊದಲು ವಾರ್ಡಿನ ಸಿಸ್ಟರನ್ನು ಕೇಳಿ. ಸೋಂಕು ಹರಡದಂತೆ ಒಂದು ಮಗುವಿನ ಕ್ರೆಯಾನನ್ನು ಇನ್ನೊಂದಕ್ಕೆ ಕೊಡದೆ, ಪ್ರತಿ ಮಗುವಿಗೂ ಅದರದೇ ಪೆಟ್ಟಿಗೆ ಬಿಟ್ಟುಬನ್ನಿ. ಬಲಗೈಗೆ ಡ್ರಿಪ್ ಹಾಕಿರುವ ಮಗು ಎಡಗೈಯಲ್ಲಿ ಗೀಚಬೇಕಾಗುತ್ತದೆ, ಹಾಳೆ ಜಾರುತ್ತದೆ. ಆದ್ದರಿಂದ ಪರೀಕ್ಷೆಗೆ ಒಯ್ಯುವ ಕ್ಲಿಪ್ಪಿನ ರಟ್ಟುಗಳನ್ನು ನಾಲ್ಕಾರು ಹೆಚ್ಚಾಗಿಯೇ ತೆಗೆದುಕೊಂಡು ಹೋಗಿ.