ಘಟ್ಟದ ಬುಡದಲ್ಲೂ ಕೊಡಗಿದೆ

‘ಕೊಡಗಿನವರು ಅಂತೀರಿ, ಕಾಫಿ ತೋಟ ಇಲ್ವಾ?’ ಅಂತ ಜನ ನಮ್ಮನ್ನು ಕೇಳುತ್ತಾರೆ. ನಮ್ಮದು ಸಂಪಾಜೆ, ಘಟ್ಟದ ಬುಡ. ಮಡಿಕೇರಿ 1,100 ಮೀಟರಿಗೂ ಎತ್ತರದಲ್ಲಿ ತಣ್ಣಗಿದ್ದರೆ, ಇಲ್ಲಿ ಕರಾವಳಿಯದೇ ಸೆಖೆ. ಬೆಳೆಯೂ ಅಡಿಕೆ, ತೆಂಗು, ರಬ್ಬರ್. ಊರಿನ ಹೆಸರೂ ಎರಡು ಜಿಲ್ಲೆಗೆ ಹಂಚಿಹೋಗಿದೆ: ಈಚೆ ಕೊಡಗು ಸಂಪಾಜೆ, ಆಚೆ ದಕ್ಷಿಣ ಕನ್ನಡದ ಸಂಪಾಜೆ. ಮನೆಮಾತು ಅರೆಭಾಷೆ, ಕನ್ನಡದ್ದೇ ಒಂದು ಬಗೆ. ಮೀನು ಬರುವುದು ಮಂಗಳೂರು ಕಡೆಯಿಂದ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯದ 61 ದಿನ ನಮ್ಮ ಒಲೆಯ ಮೇಲೂ ಒಣಮೀನು. ಪೇಟೆಗೆ, ಆಸ್ಪತ್ರೆಗೆ ದಕ್ಷಿಣ ಕನ್ನಡದ ಸುಳ್ಯಕ್ಕೆ ಇಳಿಯುತ್ತೇವೆ. ತಾಲ್ಲೂಕು ಕಚೇರಿ ಕೆಲಸಕ್ಕೆ ಮಾತ್ರ ಘಟ್ಟ ಹತ್ತಬೇಕು.

ಮಳೆಗಿಂತ ಜಾಸ್ತಿ ನಮ್ಮನ್ನು ಸೋಲಿಸಿದ್ದು ಅಡಿಕೆಯ ಹಳದಿ ಎಲೆ ರೋಗ. ಕೊಳೆರೋಗಕ್ಕಾದರೆ ಮೈಲುತುತ್ತು, ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಹೊಡೆಯಬಹುದು. ಇದಕ್ಕೆ ಮದ್ದಿಲ್ಲ. ಸೋಗೆ ತುದಿಯಿಂದ ಹಳದಿಯಾಗುತ್ತಾ ಬರುತ್ತದೆ. ಫಸಲು ವರ್ಷ ವರ್ಷ ಇಳಿಯುತ್ತದೆ. ಸಿಕ್ಕಿದ ಅಡಿಕೆ ಸುಲಿದರೆ ಒಳಗೆ ಕಪ್ಪು. ಸಂಪಾಜೆ, ಚೆಂಬು, ಅರಂತೋಡು ಕಡೆ ತೋಟಕ್ಕೆ ತೋಟವೇ ಹೀಗೆ ಹೋಯಿತು. ನಾವೂ ಕಡಿದು ರಬ್ಬರ್ ಹಾಕಿದೆವು. ಮರ ಬೀಳಿಸಿದ ದಿನ ಅಪ್ಪ ತೋಟದ ಕಡೆ ಬರಲೇ ಇಲ್ಲ. ಅವರೇ ನೆಟ್ಟು, ನೀರು ಹೊತ್ತು ಬೆಳೆಸಿದ ಮರಗಳು ಅಲ್ವಾ. ಕೊಡಗಿನ ರೈತರು ಅಂದರೆ ಎಲ್ಲರೂ ಕಾಫಿ ಬೆಲೆ ವಿಚಾರಿಸುತ್ತಾರೆ. ಈ ಅಡಿಕೆಯ ಸಂಕಟವನ್ನೂ ಒಮ್ಮೆ ಕೇಳಿ ಅಂತ ನನ್ನ ಆಸೆ.

ಇನ್ನು 2018ರ ಆಗಸ್ಟ್. ಮೇಲೆ ಜೋಡುಪಾಲ, ಮೊಣ್ಣಂಗೇರಿಯಲ್ಲಿ ಗುಡ್ಡ ಜಾರಿತು. ಮಣ್ಣು, ಮರ, ಬಂಡೆ ಎಲ್ಲ ಪಯಸ್ವಿನಿ ಹೊಳೆಗೆ ಇಳಿದವು. ಮಡಿಕೇರಿ ರಸ್ತೆ ಕಡಿದುಹೋಯಿತು. ನಮ್ಮದೇ ಜಿಲ್ಲಾ ಕೇಂದ್ರಕ್ಕೆ ಹೋಗಲು ಸುತ್ತು ಹೊಡೆಯಬೇಕಾಯಿತು. ಮನೆ ಕಳೆದುಕೊಂಡವರಿಗೆ ಗಂಜಿ ಬೇಯಿಸಿ ಹಾಕಿದವರಲ್ಲಿ ಆಚೆ ಜಿಲ್ಲೆಯವರೂ ಇದ್ದರು. ಅದನ್ನು ನಾವು ಮರೆತಿಲ್ಲ. 2022ರ ಜೂನ್‌ನಲ್ಲಿ ಚೆಂಬು ಸುತ್ತ ಭೂಮಿ ನಡುಗಿದಾಗ ಹಳೆಯ ಭಯವೇ ಎದ್ದು ಬಂತು.

ಇದೇ ಪಯಸ್ವಿನಿ ಸುಳ್ಯ ದಾಟಿ, ಕಾಸರಗೋಡಿನಲ್ಲಿ ಚಂದ್ರಗಿರಿಯಾಗಿ ಕಡಲು ಸೇರುತ್ತದೆ. ಬೇಸಿಗೆಯಲ್ಲಿ ಮಕ್ಕಳು ಅದರಲ್ಲೇ ಈಜು ಕಲಿಯುತ್ತಾರೆ. ಆಗಸ್ಟ್‌ನಲ್ಲಿ ನೀರು ಕೆಂಪಾಗಿ ಬಂದರೆ, ಅಮ್ಮ ಈಗಲೂ ಆಧಾರ್, ಪಹಣಿ, ಬ್ಯಾಂಕ್ ಪುಸ್ತಕ ಇರುವ ಚೀಲವನ್ನು ತಂದು ಬಾಗಿಲ ಹತ್ತಿರ ಇಡುತ್ತಾರೆ.